ನಿಧಾನವಾಗುವುದು ಹೇಗೆ: ಶುರು ಮಾಡಿ ಮಾಡಿ ಬಿಟ್ಟವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸೋಮವಾರದಿಂದ ಬೇಗ ಏಳುತ್ತೇನೆ, ಅರ್ಧ ಗಂಟೆ ಧ್ಯಾನ ಮಾಡುತ್ತೇನೆ, ಫೋನ್ ಜಾಸ್ತಿ ನೋಡಲ್ಲ, ಊಟ ನಿಧಾನವಾಗಿ ಮಾಡುತ್ತೇನೆ. ಗುರುವಾರದ ಹೊತ್ತಿಗೆ ನಾಲ್ಕೂ ನಿಂತುಹೋಗಿರುತ್ತವೆ. ಆಮೇಲೆ 'ನನ್ನ ಸ್ವಭಾವವೇ ಇಷ್ಟು, ನನಗೆ ಇದೆಲ್ಲ ಆಗಿಬರಲ್ಲ' ಅಂತ ತೀರ್ಮಾನ. ಈ ಮಾತನ್ನು ಕೇಳಿ ಕೇಳಿ ಇದನ್ನು ಬರೆಯುತ್ತಿದ್ದೇನೆ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ. ನಿದ್ದೆ ಸರಿಯಾಗಿಲ್ಲ, ದಿನದಲ್ಲಿ ಐದು ನಿಮಿಷ ಬಿಡುವಿಲ್ಲ, ಜೇಬಿನಲ್ಲಿ ಫೋನ್ ಗುರ್ ಅನ್ನುತ್ತಲೇ ಇದೆ, ಹಾಗಿರುವಾಗ ಕಣ್ಣು ಮುಚ್ಚಿ ಕೂತರೆ ತೂಕಡಿಕೆ ಬರುತ್ತದೆ, ಇಲ್ಲವೇ ಚಡಪಡಿಕೆ ಶುರುವಾಗುತ್ತದೆ. ಎರಡರಲ್ಲಿ ಯಾವುದು ಆದರೂ ಜನ ತಮ್ಮನ್ನೇ ಬೈದುಕೊಂಡು ಎದ್ದುಬಿಡುತ್ತಾರೆ.

ಇಲ್ಲಿ 7 ಹಂತಗಳಿವೆ. ಒಂದೊಂದಕ್ಕೆ ಒಂದು ವಾರವಾದರೂ ಕೊಡಿ, ಎರಡು ಮೂರು ವಾರ ಹಿಡಿದರೂ ಪರವಾಗಿಲ್ಲ. ನಡುವಿನದನ್ನು ಹಾರಿಸಿ ನೇರ ಏಳನೆಯದಕ್ಕೆ, ಅಂದರೆ ಸುಮ್ಮನೆ ಕೂರುವುದಕ್ಕೆ, ಹೋಗಬೇಡಿ. ಅದನ್ನು ಆಗಲೇ ಮಾಡಿ ನೋಡಿದ್ದೀರಿ, ಅಲ್ವಾ?

## ಶುರು ಮಾಡುವ ಮೊದಲು: ಇದು ಬರೀ ಅವಸರವೇ?

ಕೆಲವು ದಣಿವು ಎಷ್ಟು ವಿಶ್ರಾಂತಿ ಕೊಟ್ಟರೂ ಬಗ್ಗುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಬಿ12 ಕೊರತೆ, ಇವೆಲ್ಲದರಲ್ಲೂ ಸುಸ್ತು ಕಾಣಿಸಿಕೊಳ್ಳುತ್ತದೆ. ರಕ್ತ ಪರೀಕ್ಷೆಯಲ್ಲಿ ಇವು ಗೊತ್ತಾಗುತ್ತವೆ. ಏಳೆಂಟು ಗಂಟೆ ಮಲಗಿ ಎದ್ದರೂ ವಾರಗಟ್ಟಲೆ ಸುಸ್ತು ಹೋಗುತ್ತಿಲ್ಲ ಅಂದರೆ ಮೊದಲು ವೈದ್ಯರ ಬಳಿ ಹೋಗಿ, ಆಮೇಲೆ ಇಲ್ಲಿಗೆ ಬನ್ನಿ. ಜೋರು ಗೊರಕೆ ಇದೆ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಏದುಸಿರಿನಿಂದ ಶುರುವಾಗುತ್ತದೆ ಅಂತ ಪಕ್ಕದಲ್ಲಿ ಮಲಗುವವರು ಹೇಳಿದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಅದಕ್ಕೆ ಚಿಕಿತ್ಸೆ ಬೇಕು.

ಎರಡು ವಾರಕ್ಕೂ ಜಾಸ್ತಿ ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಅದು ಖಿನ್ನತೆ ಇರಬಹುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ಇವತ್ತೇ ಹತ್ತಿರದವರಿಗೆ ಹೇಳಿ, ಇವತ್ತೇ ವೈದ್ಯರನ್ನು ಕಾಣಿ. ಎದೆನೋವು, ಉಸಿರುಕಟ್ಟುವುದು, ತಲೆಸುತ್ತಿ ಬೀಳುವುದು ಇವನ್ನು 'ಟೆನ್ಷನ್ ಇರಬೇಕು' ಅಂತ ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ತುರ್ತು ಚಿಕಿತ್ಸೆಗೆ ಹೋಗಿ.

## ಏನೇನು ಬೇಕು

ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್, ಫೋನ್ ಅಲ್ಲದ ಒಂದು ಅಲಾರಂ ಗಡಿಯಾರ. ಬೆನ್ನಿಗೆ ಆಸರೆ ಇರುವ ಕುರ್ಚಿ. ಮಲಗುವ ಕೋಣೆಯ ಹೊರಗೆ ಫೋನ್ ಚಾರ್ಜ್ ಮಾಡಲು ಒಂದು ಜಾಗ. ಇಷ್ಟೇ.

ಧ್ಯಾನದ ಆ್ಯಪ್, ವಿಶೇಷ ದಿಂಬು, ಕೈಗೆ ಕಟ್ಟಿಕೊಂಡು ನಿದ್ದೆ ಅಳೆಯುವ ಪಟ್ಟಿ ಇವೆಲ್ಲ ಸದ್ಯಕ್ಕೆ ಬೇಡ. ಅದರಲ್ಲೂ ನಿದ್ದೆಗೆ ಅಂಕ ಕೊಡುವ ಪಟ್ಟಿ ಬೇಡವೇ ಬೇಡ. ಬೆಳಿಗ್ಗೆ ಎದ್ದು ಅಂಕ ನೋಡಿ 'ಅಯ್ಯೋ, ನಿದ್ದೆ ಸಾಲಲಿಲ್ಲ' ಅಂತ ಕೊರಗುವವರು ಇದ್ದಾರೆ. ಎದ್ದಾಗ ಅವರಿಗೆ ಚೆನ್ನಾಗಿಯೇ ಇತ್ತು, ಅಂಕ ನೋಡಿದ ಮೇಲೆ ಸುಸ್ತಾಯಿತು!

## ಹಂತ 1: ಏನನ್ನೂ ಬದಲಿಸದೆ ಒಂದು ವಾರ ಬರೆದಿಡಿ

ದಿನಕ್ಕೆ ಮೂರು ಸಲ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಒಂದು: ಎಲ್ಲಿ ಅವಸರಪಟ್ಟೆ? ಎರಡು: ಆ ಅವಸರ ಯಾರದ್ದು?

ಎರಡನೇ ಪ್ರಶ್ನೆಯೇ ಮುಖ್ಯ. ಬಸ್ ಹೊರಡುವ ಸಮಯ, ಮಗುವಿನ ಶಾಲೆಯ ಗಂಟೆ, ಸಂಜೆ ಐದಕ್ಕೆ ಕೊಡಲೇಬೇಕಾದ ವರದಿ, ಇವು ಹೊರಗಿನ ಅವಸರ. ಯಾರೂ ಕಾಯುತ್ತಿಲ್ಲದಿದ್ದರೂ ಓಡಿ ಓಡಿ ಪಾತ್ರೆ ತೊಳೆಯುವುದು, ಲಿಫ್ಟ್ ಬಟನ್ ಮೂರು ಸಲ ಒತ್ತುವುದು, ಎದುರಿಗಿರುವವರ ಮಾತನ್ನು ನಾವೇ ಮುಗಿಸಿಬಿಡುವುದು, ಇವೆಲ್ಲ ನಮ್ಮದೇ. ವಾರದ ಕೊನೆಗೆ ಪುಟ ತಿರುವಿ ನೋಡಿ. ಎಷ್ಟು ಕಡೆ 'ಯಾರೂ ಇಲ್ಲ, ನಾನೇ' ಅಂತ ಬರೆದಿದ್ದೀರಿ ಅನ್ನುವುದು ಕಂಡಾಗ ಸ್ವಲ್ಪ ಕಸಿವಿಸಿ ಆಗಬಹುದು.

ದೇಹದ ಸುಳಿವುಗಳನ್ನೂ ಬರೆದಿಡಿ. ದವಡೆ ಬಿಗಿಯಾಗಿದೆಯೇ? ಭುಜ ಕಿವಿಯ ಹತ್ತಿರಕ್ಕೆ ಏರಿದೆಯೇ? ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತಿದೆಯೇ? ಒಬ್ಬೊಬ್ಬರಿಗೆ ಒಂದೊಂದು ಸುಳಿವು ಮೊದಲು ಬರುತ್ತದೆ. ನಿಮ್ಮದು ಯಾವುದು ಅಂತ ಗೊತ್ತಾದರೆ ಮುಂದಿನ ಹಂತಗಳಲ್ಲಿ ಅದೇ ಎಚ್ಚರಿಕೆಯ ಗಂಟೆ.

ಇಲ್ಲಿ ಆಗುವ ತಪ್ಪು: ಬರೆಯುವುದನ್ನೇ ದೊಡ್ಡ ಕೆಲಸ ಮಾಡಿಕೊಳ್ಳುವುದು. ಬಣ್ಣದ ಪೆನ್ನು, ಕೋಷ್ಟಕ, ಪ್ರತಿ ಅರ್ಧ ಗಂಟೆಯ ಲೆಕ್ಕ. ಎರಡು ಸಾಲು ಸಾಕು. ಮರೆತರೆ ಮರೆತಿರಿ, ಹಿಂದಿನದನ್ನು ನೆನಪಿಸಿಕೊಂಡು ತುಂಬಿಸಬೇಡಿ.

## ಹಂತ 2: ದಿನದಲ್ಲಿ ಜಾಗ ಮಾಡಿ

ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡುವವರೇ ಜಾಸ್ತಿ. ತುಂಬಿದ ದಿನದೊಳಗೆ ವಿಶ್ರಾಂತಿಯನ್ನೂ ತುರುಕಿದರೆ ಅದು ಇನ್ನೊಂದು ಕೆಲಸ ಆಗುತ್ತದೆ, ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ, ಅದನ್ನು ಮಾಡಲಿಲ್ಲ ಅನ್ನುವ ತಪ್ಪಿತಸ್ಥ ಭಾವ ಬೇರೆ. ಮೊದಲು ಏನಾದರೂ ಹೊರಗೆ ಹೋಗಬೇಕು.

ಮೊದಲು, ಅಂದಾಜು ಸರಿಪಡಿಸಿ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದನ್ನು ಮನುಷ್ಯರು ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತಾರೆ. ಹಿಂದೆ ಅದೇ ಕೆಲಸಕ್ಕೆ ಜಾಸ್ತಿ ಹೊತ್ತು ಹಿಡಿದದ್ದು ನೆನಪಿದ್ದರೂ ಹೀಗೆಯೇ ಮಾಡುತ್ತಾರೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು 1979ರಲ್ಲೇ ಈ ದೋಷಕ್ಕೆ ಹೆಸರಿಟ್ಟಿದ್ದರು. ಹಾಗಾಗಿ ಅಂದಾಜನ್ನು ನಂಬಬೇಡಿ, ಗಡಿಯಾರ ನೋಡಿ. ಬೆಳಿಗ್ಗೆ ಎದ್ದು ಮನೆ ಬಾಗಿಲು ದಾಟುವವರೆಗೆ ನಿಜವಾಗಿ ಎಷ್ಟು ಹಿಡಿಯುತ್ತದೆ ಅಂತ ಮೂರ್ನಾಲ್ಕು ದಿನ ಅಳೆಯಿರಿ. ಅಳೆಯಲು ಆಗದ ಕೆಲಸಕ್ಕೆ ನಿಮಗೆ ತೋಚಿದ ಸಮಯದ ಒಂದೂವರೆ ಪಟ್ಟು ಇಟ್ಟುಕೊಳ್ಳಿ.

ಎರಡನೆಯದು, ನಡುವೆ ಬಿಡುವು ಇಡಿ. ಒಂದು ಮೀಟಿಂಗ್ ಮುಗಿದ ನಿಮಿಷಕ್ಕೇ ಇನ್ನೊಂದು ಶುರುವಾಗುವಂತೆ ದಿನ ಜೋಡಿಸಬೇಡಿ. 10 ನಿಮಿಷ ಬಿಡಿ. ಕ್ಯಾಲೆಂಡರಿನಲ್ಲಿ ಅದನ್ನೂ ಬರೆದಿಡಿ, ಇಲ್ಲದಿದ್ದರೆ ಬೇರೆಯವರು ಅಲ್ಲಿ ಬಂದು ಕೂರುತ್ತಾರೆ.

ಮೂರನೆಯದು, ಒಂದನ್ನು ಬಿಡಿ. ಒಂದೇ ಒಂದು. ಹಂತ 1ರ ಪುಟಗಳಲ್ಲಿ ಪದೇ ಪದೇ ಬರುವ, ಆದರೆ ನಿಂತರೆ ಯಾರಿಗೂ ದೊಡ್ಡ ನಷ್ಟವಾಗದ ಕೆಲಸ ಒಂದಿರುತ್ತದೆ. ಅದನ್ನು ಹುಡುಕಿ. ಹೊಸದಾಗಿ ಯಾರಾದರೂ ಏನಾದರೂ ಕೇಳಿದರೆ ಅಲ್ಲೇ ಹ್ಞೂಂ ಅನ್ನಬೇಡಿ. 'ನೋಡಿ ನಾಳೆ ಹೇಳುತ್ತೇನೆ' ಅನ್ನಿ. ಒಪ್ಪಲು ಆಗದಿದ್ದರೆ 'ಈ ತಿಂಗಳು ನನ್ನ ಕೈಲಿ ಆಗುವುದಿಲ್ಲ' ಅನ್ನಿ, ಅಲ್ಲಿಗೆ ನಿಲ್ಲಿಸಿ. ಕಾರಣಗಳ ಉದ್ದ ಪಟ್ಟಿ ಕೊಟ್ಟರೆ ಎದುರಿನವರು ಒಂದೊಂದಕ್ಕೂ ಪರಿಹಾರ ಹೇಳುತ್ತಾ ಬರುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲರಿಗೂ ಬಿಡುವ ಸ್ವಾತಂತ್ರ್ಯ ಇರುವುದಿಲ್ಲ. ಎಳೆ ಮಗು ಇರುವವರು, ಕಾಯಿಲೆಯವರನ್ನು ನೋಡಿಕೊಳ್ಳುವವರು, ಎರಡು ಪಾಳಿ ದುಡಿಯುವವರು ಯಾವುದನ್ನು ತಾನೇ ಬಿಡಬೇಕು? ಅವರಿಗೆ 'ನಿಮಗಾಗಿ ಸಮಯ ಮಾಡಿಕೊಳ್ಳಿ' ಅಂತ ಉಪದೇಶ ಮಾಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ನೀವು ಅಂಥ ಸ್ಥಿತಿಯಲ್ಲಿದ್ದರೆ ಬಿಡುವುದರ ಬದಲು ಹಂಚಿಕೊಳ್ಳುವ ದಾರಿ ನೋಡಿ, ವಾರದಲ್ಲಿ ಒಂದೇ ಒಂದು ಗಂಟೆ, ಹೆಸರು ಹಿಡಿದು ಒಬ್ಬರನ್ನು ಕೇಳಿ. 'ಯಾರಾದರೂ ಸ್ವಲ್ಪ ಸಹಾಯ ಮಾಡಿ' ಅಂದರೆ ಯಾರೂ ಬರುವುದಿಲ್ಲ. 'ಶನಿವಾರ ನಾಲ್ಕರಿಂದ ಐದು ನೀನು ಇರ್ತೀಯಾ' ಅಂದರೆ ಬರುವ ಸಾಧ್ಯತೆ ಜಾಸ್ತಿ.

ಎಚ್ಚರಿಕೆಯ ಸೂಚನೆ: ಖಾಲಿಯಾದ ಅರ್ಧ ಗಂಟೆಗೆ ಎರಡೇ ದಿನದಲ್ಲಿ ಹೊಸ ಕೋರ್ಸು, ಹೊಸ ಹವ್ಯಾಸ ಬಂದು ಕೂತಿದ್ದರೆ ನೀವು ಜಾಗ ಮಾಡಿಲ್ಲ, ಬಾಡಿಗೆದಾರನನ್ನು ಬದಲಿಸಿದ್ದೀರಿ. ಒಂದು ವಾರ ಆ ಅರ್ಧ ಗಂಟೆಯನ್ನು ಖಾಲಿಯೇ ಬಿಡಿ.

## ಹಂತ 3: ಫೋನ್ ದೂರ ಇಡಿ, ಅಳಿಸಲು ಹೋಗಬೇಡಿ

ಎಲ್ಲ ಆ್ಯಪ್ ಒಂದೇ ರಾತ್ರಿ ಅಳಿಸಿದವರು ವಾರದೊಳಗೆ ಮತ್ತೆ ಹಾಕಿಕೊಳ್ಳುತ್ತಾರೆ. ಮನಸ್ಸಿನ ಜೊತೆ ಜಗಳಕ್ಕೆ ಇಳಿಯುವ ಬದಲು ಕೈಗೂ ಫೋನಿಗೂ ನಡುವಿನ ದೂರ ಹೆಚ್ಚಿಸಿ. ಹೀಗೆ ಮಾಡಿ:

1. ಮನುಷ್ಯರಿಂದ ನೇರವಾಗಿ ಬರುವ ಕರೆ, ಸಂದೇಶ ಬಿಟ್ಟು ಉಳಿದ ಎಲ್ಲ ನೋಟಿಫಿಕೇಶನ್ ನಿಲ್ಲಿಸಿ. ಕೆಲಸಕ್ಕೆ ಬೇಕಾದ ಒಂದೆರಡು ಇದ್ದರೆ ಇರಲಿ.
2. ರಾತ್ರಿ ಚಾರ್ಜಿಂಗ್ ಮಲಗುವ ಕೋಣೆಯ ಹೊರಗೆ. ಎಬ್ಬಿಸಲು ಗಡಿಯಾರ ಇದೆಯಲ್ಲ. ತುರ್ತು ಕರೆ ಬರಬಹುದಾದ ಮನೆಯಾದರೆ ರಿಂಗ್ ಜೋರಾಗಿಡಿ, ಪಕ್ಕದ ಕೋಣೆಯಿಂದಲೂ ಕೇಳುತ್ತದೆ.
3. ಜಾಸ್ತಿ ಹೊತ್ತು ತಿನ್ನುವ ಆ್ಯಪ್‌ಗಳನ್ನು ಮೊದಲ ಪರದೆಯಿಂದ ತೆಗೆದು, ಪ್ರತಿ ಸಲ ಬಳಸಿದ ಮೇಲೆ ಲಾಗ್‌ಔಟ್ ಮಾಡಿ. ಪಾಸ್‌ವರ್ಡ್ ಹಾಕಬೇಕಾದ ಆ ಹತ್ತು ಸೆಕೆಂಡಿನಲ್ಲೇ ಎಷ್ಟೋ ಸಲ 'ಈಗ ಯಾಕೆ ತೆಗೆದೆ' ಅನ್ನಿಸುತ್ತದೆ.
4. ಎದ್ದ ಮೇಲೆ ಮೊದಲ ಅರ್ಧ ಗಂಟೆ, ಊಟದ ಹೊತ್ತು, ಮಲಗುವ ಮುಂಚಿನ ಒಂದು ಗಂಟೆ, ಈ ಮೂರರಲ್ಲಿ ಒಂದನ್ನು ಫೋನ್ ಮುಟ್ಟದ ಹೊತ್ತಾಗಿ ಆರಿಸಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಕೈಗೆ ಬೇರೇನಾದರೂ ಬೇಕಾಗುತ್ತದೆ, ಇದನ್ನು ಜನ ಮರೆಯುತ್ತಾರೆ. ಫೋನ್ ಇಡುತ್ತಿದ್ದ ಜಾಗದಲ್ಲೇ ಪುಸ್ತಕ, ಹೆಣಿಗೆ, ಚಿತ್ರ ಬಿಡಿಸುವ ಹಾಳೆ, ಏನಾದರೂ ಇಡಿ. ಏನೂ ಇಲ್ಲದ ಕೈ ಮತ್ತೆ ಜೇಬಿಗೇ ಹೋಗುತ್ತದೆ. ಮೊದಲ ಕೆಲವು ದಿನ ಜೇಬಿನಲ್ಲಿ ಫೋನ್ ಇಲ್ಲದಿದ್ದರೂ ಗುರ್ ಅಂದ ಹಾಗೆ ಅನ್ನಿಸಿದರೆ ಗಾಬರಿ ಬೇಡ, ಬಹಳ ಜನರಿಗೆ ಆಗುತ್ತದೆ.

ಜೊತೆಯಲ್ಲಿರುವವರಿಗೆ ಮುಂಚೆಯೇ ಹೇಳಿಬಿಡಿ. 'ರಾತ್ರಿ ಒಂಬತ್ತರ ಮೇಲೆ ಸಂದೇಶ ನೋಡಲ್ಲ, ಅರ್ಜೆಂಟ್ ಇದ್ದರೆ ಕರೆ ಮಾಡಿ.' ಹೇಳದೆ ಮಾಯವಾದರೆ ಅವರಿಗೆ ಬೇಜಾರು, ಅವರ ಬೇಜಾರಿನಿಂದ ನಿಮಗೆ ಟೆನ್ಷನ್.

## ಹಂತ 4: ಮೊದಲು ನಿದ್ದೆ

ವಯಸ್ಕರಿಗೆ ರಾತ್ರಿಗೆ 7 ಗಂಟೆ ಅಥವಾ ಅದಕ್ಕಿಂತ ಹೆಚ್ಚು ನಿದ್ದೆ ಬೇಕು. ನಿದ್ದೆಯ ಸಾಲ ಇರುವವರೆಗೆ ಮುಂದಿನ ಯಾವ ಹಂತವೂ ನೆಟ್ಟಗೆ ನಡೆಯುವುದಿಲ್ಲ, ಯಾಕೆಂದರೆ ದೇಹವನ್ನು ಸುಮ್ಮನಿರಿಸಿದ ತಕ್ಷಣ ಅದು ಮಲಗಲು ನೋಡುತ್ತದೆ.

ಏಳುವ ಸಮಯ ಗಟ್ಟಿ ಮಾಡಿ. ಮಲಗುವ ಸಮಯವನ್ನು ಬಲವಂತ ಮಾಡಲು ಆಗುವುದಿಲ್ಲ, ಏಳುವುದನ್ನು ಮಾಡಬಹುದು. ರಜೆಯ ದಿನವೂ ಸುಮಾರು ಅದೇ ಹೊತ್ತಿಗೆ ಎದ್ದು, ಕಿಟಕಿ ತೆರೆದು ಬೆಳಕಿಗೆ ಮುಖ ಒಡ್ಡಿ. ದೇಹದ ಒಳಗಿನ ಗಡಿಯಾರ ಬೆಳಗಿನ ಬೆಳಕಿನಿಂದಲೇ ಸಮಯ ಹೊಂದಿಸಿಕೊಳ್ಳುತ್ತದೆ.

ಕಾಫಿ, ಟೀ ಮಧ್ಯಾಹ್ನದ ನಂತರ ಬೇಡ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಐದಕ್ಕೆ ಕುಡಿದದ್ದರ ಅರ್ಧ ಭಾಗ ರಾತ್ರಿ ಹತ್ತಕ್ಕೂ ಮೈಯಲ್ಲಿ ಇರುತ್ತದೆ. 'ನನಗೇನೂ ಆಗಲ್ಲ, ಕುಡಿದು ಮಲಗ್ತೀನಿ' ಅನ್ನುವವರಿಗೂ ನಿದ್ದೆಯ ಆಳ ಕಡಿಮೆಯಾಗಿರಬಹುದು. ಮದ್ಯ ಬೇಗ ನಿದ್ದೆ ತರಿಸಿದರೂ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಕೆಡಿಸುತ್ತದೆ.

ಮಲಗುವ ಮುಂಚೆ ನಾಳೆಯ ಕೆಲಸಗಳನ್ನು ಐದು ನಿಮಿಷ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 57 ಜನ ಯುವಕ ಯುವತಿಯರ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಮುಂದೆ ಮಾಡಬೇಕಾದ್ದನ್ನು ಬರೆದವರು, ಆಗಲೇ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. ಪಟ್ಟಿ ವಿವರವಾಗಿದ್ದಷ್ಟೂ ಒಳ್ಳೆಯದು. 'ಆಫೀಸ್ ಕೆಲಸ' ಅಂತ ಬರೆದರೆ ತಲೆ ಅದನ್ನು ಹಿಡಿದುಕೊಂಡೇ ಇರುತ್ತದೆ. 'ಹತ್ತು ಗಂಟೆಗೆ ಲೆಕ್ಕದ ಕಡತ ತೆಗೆದು ಮೂರನೇ ಹಾಳೆಯಿಂದ ಶುರು' ಅಂತ ಬರೆದರೆ ಬಿಡುತ್ತದೆ.

ನಿದ್ದೆ ಬಾರದೆ ಸುಮಾರು 20 ನಿಮಿಷ ಹೊರಳಾಡಿದ್ದೀರಿ ಅನ್ನಿಸಿದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ. ಮಂದ ಬೆಳಕಿನಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗ ಮತ್ತೆ ಹೋಗಿ. ಹಾಸಿಗೆ ಅಂದರೆ ಒದ್ದಾಟ ಅಂತ ದೇಹಕ್ಕೆ ರೂಢಿಯಾಗಬಾರದು.

ಹಗಲು ಮಲಗುವುದಾದರೆ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ, ಅದೂ ಮಧ್ಯಾಹ್ನ ಮೂರರೊಳಗೆ. ಇನ್ನೂ ಜಾಸ್ತಿ ಹೊತ್ತು ಮಲಗಿದರೆ ಗಾಢ ನಿದ್ದೆಗೆ ಜಾರುತ್ತೀರಿ, ನಡುವೆ ಎದ್ದಾಗ ತಲೆ ಮಂಕು ಹಿಡಿದು ಮಲಗದಿದ್ದರೇ ವಾಸಿಯಿತ್ತು ಅನ್ನಿಸುತ್ತದೆ.

## ಹಂತ 5: ಹಗಲಿನ ವಿಶ್ರಾಂತಿ, ದಣಿವಿಗೆ ತಕ್ಕಂತೆ

ವಿಶ್ರಾಂತಿ ತೆಗೆದುಕೊಂಡೆ, ಆದರೂ ಹಗುರ ಅನ್ನಿಸಲಿಲ್ಲ ಅನ್ನುವ ದೂರು ಬಹಳ ಬರುತ್ತದೆ. ಏನು ಮಾಡಿದಿರಿ ಅಂತ ಕೇಳಿದರೆ ಸೋಫಾದ ಮೇಲೆ ಒರಗಿ ಒಂದು ಗಂಟೆ ರೀಲ್ಸ್ ನೋಡಿರುತ್ತಾರೆ. ಇಡೀ ದಿನ ಪರದೆ ನೋಡಿ ದಣಿದ ಕಣ್ಣಿಗೂ ತಲೆಗೂ ಇನ್ನೊಂದು ಪರದೆ. ಸಿಕ್ಕಿದ್ದು ಬೆನ್ನಿಗೆ ಮಾತ್ರ ವಿಶ್ರಾಂತಿ.

ಮೊದಲು ಕೇಳಿಕೊಳ್ಳಿ: ದಣಿದಿರುವುದು ಏನು?

*ಮೈ ದಣಿದಿದ್ದರೆ* ಮಲಗಿ, ಕಾಲು ಸ್ವಲ್ಪ ಎತ್ತರಕ್ಕಿಡಿ. *ಕೂತು ಕೂತು ದಣಿದಿದ್ದರೆ* ಮಲಗುವುದು ಪ್ರಯೋಜನವಿಲ್ಲ, ಹತ್ತು ನಿಮಿಷ ನಡೆಯಿರಿ. *ಜನರ ನಡುವೆ ಇದ್ದು ದಣಿದಿದ್ದರೆ* ಒಬ್ಬರೇ ಇರಿ, ಕಿವಿಗೂ ಏನೂ ಹಾಕಿಕೊಳ್ಳಬೇಡಿ. *ಒಬ್ಬರೇ ಇದ್ದು ಸಾಕಾಗಿದ್ದರೆ* ಯಾರ ಜೊತೆಗಾದರೂ ಮಾತಾಡುವುದೇ ವಿಶ್ರಾಂತಿ. *ಕಣ್ಣು ದಣಿದಿದ್ದರೆ* ಕಣ್ಣಿನ ವೈದ್ಯರು ಹೇಳುವ 20-20-20 ಲೆಕ್ಕ ಇದೆ: ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡುವುದು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಹಾಗಾಗಿ ಆ 20 ಸೆಕೆಂಡಿನಲ್ಲಿ ಬೇಕೆಂದೇ ರೆಪ್ಪೆ ಬಡಿಯಿರಿ.

ಮೈಯೆಲ್ಲ ಬಿಗಿದುಕೊಂಡಿದೆ, 'ರಿಲ್ಯಾಕ್ಸ್ ಆಗು' ಅಂದರೆ ಆಗುತ್ತಿಲ್ಲ ಅನ್ನುವವರಿಗೆ ಒಂದು ಉಪಾಯ ಇದೆ, ಮೊದಲು ಇನ್ನೂ ಬಿಗಿ ಮಾಡುವುದು. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯ ಕಳೆದ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದ ಕ್ರಮದ ಸುಲಭ ರೂಪ ಇದು. ಬೆನ್ನು ಒರಗಿಸಿ ಕೂತು ಪಾದದಿಂದ ಶುರು ಮಾಡಿ. ಬೆರಳುಗಳನ್ನು 5 ಸೆಕೆಂಡ್ ಬಿಗಿ ಹಿಡಿದು ಒಮ್ಮೆಲೇ ಬಿಡಿ. 15-20 ಸೆಕೆಂಡ್ ಆ ಸಡಿಲವನ್ನು ಗಮನಿಸಿ. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ, ಹಣೆ. ನೋವಾಗುವಷ್ಟು ಬಿಗಿಯಬೇಡಿ, ಪೆಟ್ಟಾದ ಜಾಗ ಬಿಟ್ಟುಬಿಡಿ. ಸಮಯ ಇಲ್ಲದಾಗ ಭುಜ ಮತ್ತು ದವಡೆ ಎರಡೇ ಮಾಡಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಉಸಿರಿನ ಮಾತಿಗೆ ಬಂದರೆ, 'ಆಳವಾಗಿ ಉಸಿರೆಳೆಯಿರಿ' ಅನ್ನುವ ಸಲಹೆಯೇ ಅರ್ಧ ಜನರನ್ನು ಕೆಡಿಸುತ್ತದೆ. ಜೋರು ಜೋರಾಗಿ ಎಳೆದು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಇನ್ನೂ ಹೆಚ್ಚುತ್ತದೆ. ಎಳೆಯುವುದರ ಚಿಂತೆ ಬಿಡಿ, ಬಿಡುವುದನ್ನು ಉದ್ದ ಮಾಡಿ. ಮೂಗಿನಿಂದ 4 ಎಣಿಕೆ ಒಳಗೆ, 6 ಎಣಿಕೆ ಹೊರಗೆ. ಸೆಕೆಂಡಿಗೆ ಒಂದರಂತೆ ಎಣಿಸಿದರೆ ನಿಮಿಷಕ್ಕೆ 6 ಉಸಿರು. ವಯಸ್ಕರು ಸುಮ್ಮನಿರುವಾಗ ಸಾಮಾನ್ಯವಾಗಿ 12ರಿಂದ 20 ಸಲ ಉಸಿರಾಡುತ್ತಾರೆ. ಉಸಿರು ಹೊರಬಿಡುವಾಗ ಹೃದಯದ ಬಡಿತ ತಾನಾಗಿ ಸ್ವಲ್ಪ ನಿಧಾನವಾಗುತ್ತದೆ, ಅದರ ಲಾಭ ಪಡೆಯುವುದಷ್ಟೇ ನಮ್ಮ ಕೆಲಸ. ಮೂರು ನಿಮಿಷ ಸಾಕು. ಉಸಿರು ಸಾಲದು ಅನ್ನಿಸಿದರೆ 3 ಮತ್ತು 4 ಎಣಿಕೆಗೆ ಇಳಿಸಿ.

ಇಲ್ಲಿ ಆಗುವ ತಪ್ಪು: ಪೂರ್ತಿ ಕುಸಿಯುವವರೆಗೆ ಕಾಯುವುದು. ಸಿಡುಕು, ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದು, ಸಣ್ಣ ಕೆಲಸಕ್ಕೂ ದೊಡ್ಡ ನಿಟ್ಟುಸಿರು, ಇವು ಬಂದಾಗಲೇ ಏಳಬೇಕು. ಒಂದೂವರೆ ಗಂಟೆಗೊಮ್ಮೆ ಐದು ನಿಮಿಷ ಬಿಡುವು ಮೊದಲೇ ಗೊತ್ತು ಮಾಡಿಕೊಂಡರೆ ಇನ್ನೂ ಸುಲಭ, ಆಗ ದಣಿವನ್ನು ಗುರುತಿಸುವ ತಾಪತ್ರಯವೇ ಇಲ್ಲ.

## ಹಂತ 6: ಒಂದು ಸಲಕ್ಕೆ ಒಂದೇ ಕೆಲಸ

ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನದರಲ್ಲೇ ಉಳಿದುಹೋಗುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಪ್ರಯೋಗಗಳಲ್ಲಿ ತೋರಿಸಿದರು. ಮನೆಗೆ ಬಂದು ಮಗುವಿನ ಜೊತೆ ಆಡುತ್ತಿದ್ದರೂ ತಲೆಯಲ್ಲಿ ಆಫೀಸಿನ ಮಾತು ಓಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಪರಿಹಾರ ಬಹಳ ಚಿಕ್ಕದು. ಕೆಲಸ ಬಿಟ್ಟು ಏಳುವ ಮುಂಚೆ ಒಂದು ಸಾಲು ಬರೆಯಿರಿ: ಎಲ್ಲಿಗೆ ನಿಲ್ಲಿಸಿದೆ, ಮತ್ತೆ ಬಂದಾಗ ಮೊದಲು ಏನು ಮಾಡಬೇಕು. ಅರ್ಧ ನಿಮಿಷದ ಕೆಲಸ. ಹೀಗೆ ಬರೆದಿಟ್ಟವರಿಗೆ ಮುಂದಿನ ಕೆಲಸದ ಮೇಲೆ ಗಮನ ಚೆನ್ನಾಗಿ ನಿಲ್ಲುತ್ತದೆ ಅನ್ನುವುದೂ ಲೆರಾಯ್ ಅವರ ನಂತರದ ಸಂಶೋಧನೆಯಲ್ಲಿ ಕಂಡಿದೆ.

ಈಗ ದಿನನಿತ್ಯದ ಒಂದು ಕೆಲಸ ಆರಿಸಿ. ಸ್ನಾನ, ಪಾತ್ರೆ ತೊಳೆಯುವುದು, ಮೆಟ್ಟಿಲು ಹತ್ತುವುದು, ಬಟ್ಟೆ ಮಡಚುವುದು. ಕೈ ಕೆಲಸ ಇರಬೇಕು, ಐದು ಹತ್ತು ನಿಮಿಷದೊಳಗೆ ಮುಗಿಯಬೇಕು, ದಿನಾ ಬರಬೇಕು. ಅದನ್ನು ಮಾಡುವಾಗ ಹಾಡು, ಪಾಡ್‌ಕಾಸ್ಟ್, ಫೋನ್ ಕರೆ ಯಾವುದೂ ಬೇಡ. 'ಇಲ್ಲೇ ಇರು' ಅಂತ ಮನಸ್ಸಿಗೆ ಆಜ್ಞೆ ಕೊಟ್ಟರೆ ಅದು ಕೇಳುವುದಿಲ್ಲ. ಅದಕ್ಕೆ ಹಿಡಿದುಕೊಳ್ಳಲು ಏನಾದರೂ ಕೊಡಿ: ನೀರಿನ ಬಿಸಿ, ಬಟ್ಟೆಯ ಒರಟು, ಪಾದ ನೆಲಕ್ಕೆ ತಾಗುವ ಒತ್ತಡ, ಪಾತ್ರೆಯ ಸದ್ದು. ಒಂದನ್ನು ಹಿಡಿದು ಗಮನಿಸಿ.

ಮನಸ್ಸು ಓಡುತ್ತದೆ. ಓಡಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಫೋನ್ ಆ್ಯಪ್ ಮೂಲಕ ಸುಮಾರು 2,250 ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ 'ಈಗ ಏನು ಯೋಚಿಸುತ್ತಿದ್ದೀರಿ' ಅಂತ ಕೇಳಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಚ್ಚರವಿರುವ ಹೊತ್ತಿನ ಸುಮಾರು 47% ಭಾಗ ಜನರ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲೇ ಇಲ್ಲ. ಅಂದರೆ ಓಡುವುದು ನಿಮ್ಮೊಬ್ಬರ ಸಮಸ್ಯೆಯಲ್ಲ. ಓಡಿದ್ದು ಗೊತ್ತಾದ ತಕ್ಷಣ ನೀರಿನ ಬಿಸಿಗೆ ವಾಪಸ್ ಬನ್ನಿ, ಅಭ್ಯಾಸ ಅಂದರೆ ಅದೇ. ಪಾತ್ರೆ ತೊಳೆದು ಮುಗಿಯುವುದರೊಳಗೆ ಮೂವತ್ತು ಸಲ ಓಡಿ ಮೂವತ್ತು ಸಲ ವಾಪಸ್ ಬಂದರೆ ಮೂವತ್ತು ಸಲ ಅಭ್ಯಾಸ ಆಯಿತು.

ಊಟಕ್ಕೂ ಇದನ್ನೇ ಮಾಡಬಹುದು, ಆದರೆ ಇಡೀ ಊಟ ಬೇಡ. ಮೊದಲ ಐದು ತುತ್ತು ಸಾಕು. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು, ಹಾಗಾಗಿ ಶುರುವಿನಲ್ಲೇ ನಿಧಾನವಾದರೆ ಉಳಿದದ್ದೂ ಸ್ವಲ್ಪ ನಿಧಾನವಾಗುತ್ತದೆ.

ಮಾತಿನಲ್ಲಿ? ಎದುರಿನವರು ನಿಲ್ಲಿಸಿದ ಮೇಲೆ ಒಂದು ಉಸಿರು ಬಿಟ್ಟು ಆಮೇಲೆ ಉತ್ತರಿಸಿ. ಕೇಳಲು ಸಣ್ಣದು, ಮಾಡಲು ಕಷ್ಟ. ಎಷ್ಟೋ ಸಲ ಆ ಒಂದು ಉಸಿರಿನಲ್ಲಿ ಅವರು ನಿಜವಾಗಿ ಹೇಳಬೇಕಿದ್ದ ಮಾತು ಹೊರಗೆ ಬರುತ್ತದೆ.

ಎಚ್ಚರಿಕೆಯ ಸೂಚನೆ: ಎಲ್ಲವನ್ನೂ ಗಮನವಿಟ್ಟು ಮಾಡಬೇಕು ಅಂತ ಹೊರಟು ಸಂಜೆಗೆ ತಲೆನೋವು ಬರುತ್ತಿದ್ದರೆ ಮಿತಿ ಮೀರಿದ್ದೀರಿ. ಮನಸ್ಸು ಅಲೆಯುವುದಕ್ಕೂ ಬೆಲೆ ಇದೆ. ದಿನಕ್ಕೆ ಒಂದು ಕೆಲಸ, ಅಷ್ಟೇ.

## ಹಂತ 7: ಏನೂ ಮಾಡದೆ ಕೂರುವುದು

ಈಗ ಕುರ್ಚಿಯ ಸರದಿ.

ಇದು ಯಾಕೆ ಕೊನೆಗೆ ಅಂದರೆ ಇದೇ ಎಲ್ಲಕ್ಕಿಂತ ಕಷ್ಟ. ವರ್ಜೀನಿಯಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಂಟಿಯಾಗಿ ಕೂರಿಸಿದರು. ಬೇಕಾದರೆ ಬಟನ್ ಒತ್ತಿ ಸಣ್ಣ ವಿದ್ಯುತ್ ಶಾಕ್ ಹೊಡೆಸಿಕೊಳ್ಳಬಹುದಿತ್ತು. ಆ ಶಾಕ್ ಎಷ್ಟು ಬೇಡ ಅಂದರೆ ತಪ್ಪಿಸಿಕೊಳ್ಳಲು ದುಡ್ಡು ಕೊಡುತ್ತೇವೆ ಅಂತ ಮುಂಚೆ ಹೇಳಿದ್ದವರಲ್ಲೇ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಬಟನ್ ಒತ್ತಿದರು. ಸುಮ್ನೆ ಕೂರುವುದಕ್ಕಿಂತ ಶಾಕ್ ವಾಸಿ ಅನ್ನಿಸಿತು! ಹಾಗಾಗಿ ಎರಡು ನಿಮಿಷಕ್ಕೆ ನಿಮಗೆ ಎದ್ದು ಓಡಬೇಕು ಅನ್ನಿಸಿದರೆ ನಾಚಿಕೆ ಪಡಬೇಡಿ.

2 ನಿಮಿಷದಿಂದ ಶುರು ಮಾಡಿ. ಟೈಮರ್ ಇಟ್ಟು, ಪಾದ ನೆಲಕ್ಕೆ ತಾಗಿಸಿ, ಕಣ್ಣು ತೆರೆದೇ ಕೂರಿ. ಕಿಟಕಿ ಹೊರಗೆ ನೋಡಬಹುದು. ಉಸಿರು ಎಣಿಸಬೇಕಿಲ್ಲ, ಮನಸ್ಸು ಖಾಲಿ ಮಾಡಬೇಕಿಲ್ಲ. ಎದ್ದು ಏನಾದರೂ ಮಾಡಬೇಕು ಅನ್ನುವ ತುಡಿತ ಬಂದಾಗ ಅದು ಮೈಯಲ್ಲಿ ಎಲ್ಲಿ ಏಳುತ್ತದೆ ಅಂತ ನೋಡಿ, ಕಾಲಿನಲ್ಲೋ, ಕೈಯಲ್ಲೋ, ಎದೆಯಲ್ಲೋ. ಕೆಲವು ಸೆಕೆಂಡಿನಲ್ಲಿ ತಗ್ಗುತ್ತದೆ, ಮತ್ತೆ ಬರುತ್ತದೆ. ಒಂದು ವಾರ 2 ನಿಮಿಷ ಸಲೀಸಾದರೆ 5ಕ್ಕೆ ಹೋಗಿ. 10 ನಿಮಿಷ ಆದಮೇಲೆ ಇನ್ನೂ ಏರಿಸಲೇಬೇಕು ಅಂತೇನೂ ಇಲ್ಲ.

ಕೂತಾಗ ಏನಾಗುತ್ತದೆ ಅನ್ನುವುದೇ ಮುಂದೆ ಏನು ಮಾಡಬೇಕು ಅಂತ ಹೇಳುತ್ತದೆ:

- ಪ್ರತಿ ಸಲ ತೂಕಡಿಕೆ ಬಂದರೆ ನಿದ್ದೆ ಸಾಲುತ್ತಿಲ್ಲ. ಹಂತ 4ಕ್ಕೆ ವಾಪಸ್.
- ಮಾಡದೆ ಉಳಿದ ಕೆಲಸಗಳೇ ಸಾಲಾಗಿ ಬಂದರೆ ಪಕ್ಕದಲ್ಲಿ ನೋಟ್‌ಬುಕ್ ಇಡಿ, ಒಂದೊಂದು ಪದ ಬರೆದು ಮತ್ತೆ ಕೂರಿ. ದಿನಾ ಹೀಗೇ ಆದರೆ ಹಂತ 2 ಇನ್ನೂ ಆಗಿಲ್ಲ ಅಂತ ಅರ್ಥ.
- ಬೇಜಾರು ಬಂದರೆ ಮುಂದುವರಿಸಿ. ಬೇಜಾರಿನಿಂದ ಯಾರಿಗೂ ಅಪಾಯವಿಲ್ಲ.
- ಅಳು ಬಂದರೆ ಬರಲಿ. ಓಡಾಟದಲ್ಲಿ ಬದಿಗಿಟ್ಟಿದ್ದು ನಿಂತಾಗ ಮೇಲೆ ಬರುತ್ತದೆ.
- ಎದೆ ಡವಗುಟ್ಟುವುದು, ಹಳೆಯ ಆಘಾತದ ಚಿತ್ರಗಳು ಕಣ್ಣೆದುರು ಬರುವುದು, ಮೈಯೇ ನನ್ನದಲ್ಲ ಅನ್ನಿಸುವುದು ಇವು ಆದರೆ ತಕ್ಷಣ ನಿಲ್ಲಿಸಿ. ಎದ್ದು ನಿಂತು ಸುತ್ತ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ, ತಣ್ಣೀರಿನಲ್ಲಿ ಕೈ ತೊಳೆಯಿರಿ. ಹಲ್ಲು ಕಚ್ಚಿ ಮುಂದುವರಿಸಿದರೆ ಧೈರ್ಯ ಬರುವುದಿಲ್ಲ, ತೊಂದರೆ ಹೆಚ್ಚುತ್ತದೆ. ಮತ್ತೆ ಮತ್ತೆ ಆದರೆ ಈ ಹಂತವನ್ನು ಬಿಟ್ಟು ಆಪ್ತಸಮಾಲೋಚಕರ ಜೊತೆ ಮಾತಾಡಿ. 6ರವರೆಗಿನ ಹಂತಗಳೇ ನಿಮಗೆ ಸಾಕಾಗಬಹುದು.

## ತಪ್ಪಿಹೋದಾಗ

ತಪ್ಪುತ್ತದೆ. ಕಾಯಿಲೆ, ಪ್ರಯಾಣ, ಮನೆಗೆ ನೆಂಟರು, ಕೆಲಸದ ಒತ್ತಡದ ತಿಂಗಳು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕು ಅಂತ ಅಂದಾಜಾಯಿತು, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸ ಇತ್ತು. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. '21 ದಿನದಲ್ಲಿ ಬದುಕು ಬದಲಿಸಿ' ಅನ್ನುವವರ ಮಾತನ್ನು ಅಲ್ಲೇ ಬಿಡಿ.

ಒತ್ತಡದ ವಾರಗಳಲ್ಲಿ ಎಲ್ಲವನ್ನೂ ಹಿಡಿದುಕೊಳ್ಳಲು ಹೋಗಬೇಡಿ, ಎರಡನ್ನು ಮಾತ್ರ ಇಟ್ಟುಕೊಳ್ಳಿ: ಏಳುವ ಸಮಯ ಮತ್ತು ಕೋಣೆಯ ಹೊರಗಿನ ಫೋನ್. ಉಳಿದದ್ದಕ್ಕೆ ರಜೆ ಕೊಟ್ಟಿದ್ದೇನೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಬಿಡಿ, ಮತ್ತೆ ಶುರು ಮಾಡುವ ತಾರೀಕಿನ ಸಮೇತ. ಆ ತಾರೀಕು ಬಂದಾಗ ಬಿಟ್ಟಲ್ಲಿಂದ ಮುಂದುವರಿಸಬೇಡಿ. ಮೂರು ನಾಲ್ಕು ದಿನ ನಿದ್ದೆ ಸರಿ ಮಾಡಿಕೊಂಡು, ಕ್ಯಾಲೆಂಡರಿನಲ್ಲಿ ಆ 10 ನಿಮಿಷದ ಬಿಡುವುಗಳು ಇನ್ನೂ ಇವೆಯೇ ಅಂತ ನೋಡಿಕೊಂಡು, ಆಮೇಲೆ ಪಾತ್ರೆಗೋ ಕುರ್ಚಿಗೋ ಹೋಗಿ. ಬಿಡುವುಗಳ ಮೇಲೆ ಯಾರಾದರೂ ಬಂದು ಕೂತಿರುತ್ತಾರೆ, ಬಹುತೇಕ ಖಂಡಿತ. ಮೊದಲು ಅವರನ್ನು ಎಬ್ಬಿಸಿ.